ಹ್ಯಾವರ್ಸೆಟ್‌ಗಳ ಸಾಲಿನಲ್ಲಿ ಐವಿ

ಹೆಸ್ಟರ್ ರಡ್ ಸತ್ತ ಮಗುವೊಂದಕ್ಕೆ ಮದುವೆ ಮಾಡಿಸಿದ್ದಳು.

ವಂಶಾವಳಿ ಹುಡುಕುವವರ ನಡುವೆ ಇದೊಂದು ಹಳೆಯ ತಮಾಷೆ. ಚರ್ಚಿನ ರಿಜಿಸ್ಟರಿನಲ್ಲಿ ಒಂದು ಮಗುವಿನ ದೀಕ್ಷಾಸ್ನಾನ ಸಿಗುತ್ತದೆ. ಇಪ್ಪತ್ತು ಚಿಲ್ಲರೆ ವರ್ಷ ಕಳೆದು ಇನ್ನೆಲ್ಲೋ ಅದೇ ಹೆಸರಿನವನ ಮದುವೆ ಸಿಗುತ್ತದೆ. ಎರಡಕ್ಕೂ ಗಂಟು ಹಾಕುವ ಆತುರದಲ್ಲಿ, ಮಗು ಬದುಕಿತೇ ಎಂದು ಹೂಳಿದವರ ಪುಟ ತಿರುಗಿಸಿ ನೋಡುವುದನ್ನು ಮರೆಯುತ್ತಾರೆ. ಹೊಸಬರು ಹೀಗೆ ಮಾಡಿದಾಗ ಹೆಸ್ಟರ್ ಪತ್ರದಲ್ಲಿ ಮೃದುವಾಗಿ ತಿದ್ದುತ್ತಿದ್ದಳು, ಆಮೇಲೆ ಒಬ್ಬಳೇ ಕೂತು ನಗುತ್ತಿದ್ದಳು. ತಾನೂ ಅದನ್ನೇ ಮಾಡಿದ್ದೇನೆ ಎಂದು ತಿಳಿದ ದಿನದಿಂದ ಆ ನಗು ನಿಂತುಹೋಗಿತ್ತು.

ಆಕೆಯ ತಾಯಿ ಹ್ಯಾವರ್ಸೆಟ್ ಮನೆತನದವಳು. ಯಾರ್ಕ್‌ಶೈರಿನ ಥಾರ್ಲ್‌ಡೇಲ್ ಕಣಿವೆಯ ತಲೆಯಲ್ಲಿ, ತೊರೆ ಹುಟ್ಟುವ ಜಾಗದ ಕೆಳಗೆ, ಹ್ಯಾವರ್ಸೆಟ್ ಎಂಬ ಒಂದೇ ಒಂದು ಹೊಲಮನೆ ಇದೆ. ಬಹಳ ಹಿಂದೆ ಸಮುದ್ರ ದಾಟಿ ಬಂದವರು ಬೇಸಿಗೆಯಲ್ಲಿ ದನ ಮೇಯಿಸಿಕೊಂಡು ಓಟ್ಸ್ ಬೆಳೆದ ಜಾಗವಂತೆ ಅದು. ಹೆಸರಿನ ಅರ್ಥವೂ ಅಷ್ಟೇ. ಆ ಮನೆಯಲ್ಲಿದ್ದವರಿಗೆ ಮನೆಯ ಹೆಸರೇ ಅಂಟಿತು. ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದ ಹೆಸ್ಟರ್, ಈ ಹೆಸರು ಎಲ್ಲೆಲ್ಲಿ ಹೋಯಿತು ಎಂದು ಹುಡುಕುವುದನ್ನೇ ಬದುಕು ಮಾಡಿಕೊಂಡಳು. ದೇಶದ ಟೆಲಿಫೋನ್ ಪುಸ್ತಕಗಳನ್ನೆಲ್ಲ ಜಾಲಾಡಿ ನೂರನಲವತ್ತಮೂರು ಮನೆ ಹೆಕ್ಕಿದಳು. ಗೋಡೆಯ ಭೂಪಟದ ಮೇಲೆ ಮನೆಗೊಂದರಂತೆ ಕೆಂಪು ಗುಂಡುಸೂಜಿ ಚುಚ್ಚಿದಳು. ಅರುವತ್ತೊಂದು ಸೂಜಿ ಈ ಕಣಿವೆಯಲ್ಲೂ ಸುತ್ತಲಿನ ಪೇಟೆಗಳಲ್ಲೂ ಒತ್ತಾಗಿ ನಿಂತವು. ಐವತ್ತೆರಡು ಸೂಜಿ ಬಹುದೂರ ದಕ್ಷಿಣಕ್ಕೆ, ಲಿಂಕನ್‌ಶೈರಿನ ಜೌಗು ಬಯಲಿನಲ್ಲಿ, ಮಾರ್ಶ್‌ಫ್ಲೀಟ್ ಎಂಬ ಹಳ್ಳಿಯ ಸುತ್ತ ನಿಂತವು. ಉಳಿದವು ಅಲ್ಲೊಂದು ಇಲ್ಲೊಂದು.

ಎರಡು ಗುಂಪುಗಳ ನಡುವೆ ಏನೂ ಇರಲಿಲ್ಲ. ಆ ಖಾಲಿ ಜಾಗ ಹೆಸ್ಟರ್‌ಗೆ ನಿದ್ದೆ ಕೊಡುತ್ತಿರಲಿಲ್ಲ. ಕಡೆಗೆ ಹ್ಯಾವರ್ಸೆಟ್ ಹೊಲಮನೆಯ ಕ್ರಿಸ್ಟೋಫರನ ಮಗ ಜೇಮ್ಸ್ ಸಿಕ್ಕಿದ. ೧೭೬೮ರಲ್ಲಿ ಇಲ್ಲಿ ದೀಕ್ಷಾಸ್ನಾನ, ೧೭೯೧ರಲ್ಲಿ ಮಾರ್ಶ್‌ಫ್ಲೀಟ್‌ನಲ್ಲಿ ಮದುವೆ. ಇಪ್ಪತ್ತಮೂರು ವರ್ಷದ ತರುಣ, ದನ ಹೊಡೆದುಕೊಂಡು ದಕ್ಷಿಣಕ್ಕೆ ಹೋದವನು, ಅಲ್ಲೇ ನಿಂತ. ಎಷ್ಟು ಸಹಜ! ಸಂತೋಷದಲ್ಲಿ ಆಕೆ ಜೌಗಿನ ಐವತ್ತೆರಡು ಮನೆಗಳಿಗೂ ಪತ್ರ ಬರೆದಳು: ನೀವು ನಮ್ಮವರು.

ಹೆಚ್ಚಿನವರು ಕ್ರಿಸ್ಮಸ್ ಕಾರ್ಡು ಕಳಿಸಿ ಸುಮ್ಮನಾದರು. ಪರ್ಸಿ ಹ್ಯಾವರ್ಸೆಟ್ ಮಾತ್ರ ಮನೆ ಮಾರಿಕೊಂಡು ಬಂದುಬಿಟ್ಟ.

ಜೌಗಿನ ನೀರೆತ್ತುವ ಪಂಪ್‌ಹೌಸಿನಲ್ಲಿ ನಲವತ್ತು ವರ್ಷ ದುಡಿದವನು ಆತ. ಮಕ್ಕಳಿಲ್ಲ. ೧೯೮೮ರ ವಸಂತದಲ್ಲಿ ಹೆಂಡತಿ ಐವಿಯನ್ನು ಕರೆದುಕೊಂಡು ಬಂದು, ಥಾರ್ಲ್‌ಡೇಲ್ ಹಳ್ಳಿಯ ಚರ್ಚಿನ ಮೇಲುಗಡೆ ಒಂದು ಸಣ್ಣ ಕಲ್ಲುಮನೆ ಹಿಡಿದ. ಇಳಿದ ಮೊದಲ ದಿನವೇ ಹೆಸ್ಟರಳ ಕೈ ಎರಡೂ ಹಿಡಿದು, "ಕಸಿನ್ ಹೆಸ್ಟರ್, ಇನ್ನೂರು ವರ್ಷ ಆಯ್ತು. ತಡ ಆಗಿದ್ದಕ್ಕೆ ಬೈಬೇಡಿ" ಎಂದಿದ್ದ. ಅಂದಿನಿಂದ ಆಕೆ ಆತನಿಗೆ ಕಸಿನ್ ಹೆಸ್ಟರ್.

ಆರು ವರ್ಷದ ಮೇಲೆ, ೧೯೯೪ರ ಫೆಬ್ರವರಿಯಲ್ಲಿ, ಹೆಸ್ಟರ್ ಬೆಟ್ಟದಾಚೆಯ ಚರ್ಚಿನ ಹಳೆಯ ರಿಜಿಸ್ಟರನ್ನು ನಕಲು ಮಾಡುತ್ತ ಕೂತಿದ್ದಳು. ೧೭೬೮ರ ಚಳಿಗಾಲದಲ್ಲಿ ಇಲ್ಲಿನ ಚರ್ಚಿನ ಚಾವಣಿ ಕುಸಿದಿತ್ತೆಂದೂ, ಆ ವರ್ಷ ಸತ್ತವರನ್ನು ಬೆಟ್ಟ ಹತ್ತಿಸಿ ಆಚೆ ಕಡೆ ಹೂಳಿದರೆಂದೂ ಆಕೆಗೆ ಆ ದಿನ ತಿಳಿಯಿತು. ಮಸಿ ಮಾಸಿದ ಒಂದು ಸಾಲು: ಹ್ಯಾವರ್ಸೆಟ್ ಹೊಲಮನೆಯ ಕ್ರಿಸ್ಟೋಫರನ ಮಗ ಜೇಮ್ಸ್, ಹನ್ನೊಂದು ದಿನದ ಕೂಸು.

ಮತ್ತೆ ಲಿಂಕನ್‌ಶೈರಿಗೆ ಬರೆದು ತರಿಸಿದ ಕಾಗದಗಳಲ್ಲಿ ಉಳಿದದ್ದೂ ಇತ್ತು. ಮಾರ್ಶ್‌ಫ್ಲೀಟ್ ಚರ್ಚಿನ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಗಂಡುಕೂಸಿಗೆ ಅಲ್ಲಿನ ಕಿರಿಯ ಪಾದ್ರಿ ಜೇಮ್ಸ್ ಹ್ಯಾವರ್ಸೆಟ್ ಎಂದು ಹೆಸರಿಟ್ಟಿದ್ದ. ಆ ಪಾದ್ರಿ ಹುಟ್ಟಿ ಬೆಳೆದದ್ದು ಥಾರ್ಲ್‌ಡೇಲ್‌ನಲ್ಲಿ. ಬಯಲಿನಲ್ಲಿ ಕೂತು ಊರಿನ ಬೆಟ್ಟ ನೆನಪಾಯಿತೋ, ಬೇರೇನು ಕಾರಣವೋ, ಕಾಗದ ಅದನ್ನು ಹೇಳುವುದಿಲ್ಲ. ಐವತ್ತೆರಡು ಮನೆಗಳ ಹೆಸರು ರಕ್ತದಿಂದ ಬಂದದ್ದಲ್ಲ ಎಂಬುದಷ್ಟೇ ಖಚಿತ.

ಹೆಸ್ಟರ್ ಆ ಕಾಗದಗಳನ್ನು ಒಂದು ಲಕೋಟೆಗೆ ಹಾಕಿ ಮೇಜಿನ ಕೆಳಖಾನೆಯಲ್ಲಿಟ್ಟಳು. ಬರುವ ವಾರ ಹೇಳೋಣ ಅಂದುಕೊಂಡಳು. ಬರುವ ವಾರ ಪರ್ಸಿಗೆ ಜ್ವರ ಇತ್ತು. ಆಮೇಲೆ ಹ್ಯಾವರ್ಸೆಟ್‌ಗಳ ವಾರ್ಷಿಕ ಕೂಟ ಬಂತು. ಆತ ಎಲ್ಲರ ಮುಂದೆ ನಿಂತು ಜೇಮ್ಸನ ಕಥೆ ಹೇಳಿದ. ಹೇಳದೆ ಉಳಿದ ಮಾತು ದಿನಕ್ಕೊಂದಿಷ್ಟು ಭಾರವಾಗುತ್ತದೆ, ಎತ್ತುವ ಕೈಯೂ ದಿನಕ್ಕೊಂದಿಷ್ಟು ಸೋಲುತ್ತದೆ. ಆತನ ಸಂತೋಷಕ್ಕಾಗಿ ಸುಮ್ಮನಿದ್ದೇನೆ ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ಸತ್ಯ. ಇನ್ನರ್ಧ ನಾಚಿಕೆ.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಆದರೆ ಹೋದ ವರ್ಷ ಅಕ್ಟೋಬರಿನಲ್ಲಿ ಐವಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಹೆಸ್ಟರ್ ಸೂಪು ತೆಗೆದುಕೊಂಡು ಹೋಗಿದ್ದಳು. ಐವಿ ಕಿಟಕಿಯ ಕಡೆ ಕೈ ಮಾಡಿ ಹೇಳಿದಳು: "ನೋಡು ಹೆಸ್ಟರ್, ಅರ್ಧ ಆಕಾಶನ ಈ ಬೆಟ್ಟನೇ ತಿಂದ್ಬಿಟ್ಟಿದೆ. ಎಂಟು ವರ್ಷದಿಂದ ಇದ್ರ ಮುಖನೇ ನೋಡಿದ್ದಾಯ್ತು. ಸತ್ತ ಮೇಲಾದ್ರೂ ನನ್ನ ಮಾರ್ಶ್‌ಫ್ಲೀಟ್‌ಗೆ ತಗೊಂಡೋಗಿ ನಮ್ಮ ಅಕ್ಕಂದಿರ ಪಕ್ಕ ಹಾಕೋಕೆ ಹೇಳು ಇವ್ರಿಗೆ."

"ಅಲ್ಲಿ ಯಾರಿದಾರೆ ಐವಿ?" ಎಂದ ಪರ್ಸಿ, ಆಕೆಯ ಹಣೆ ಸವರುತ್ತ. "ನೀನು ಹ್ಯಾವರ್ಸೆಟ್ ಮನೆ ಸೊಸೆ. ನಮ್ಮೋರ ಗೋರಿಗಳ ಸಾಲು ಪೂರ್ತಿ ಇಲ್ಲೇ ಕೆಳಗೆ ಚರ್ಚಿನ ಅಂಗಳದಲ್ಲಿದೆ. ನಾಳೆ ನಾನೂ ಅಲ್ಲಿಗೇ ಬರೋನು. ಬೇಕಾದ್ರೆ ಕಸಿನ್ ಹೆಸ್ಟರನ್ನ ಕೇಳು."

ಐವಿ ತಲೆ ತಿರುಗಿಸಿ ಹೆಸ್ಟರ್ ಕಡೆ ನೋಡಿದಳು. ಕೇಳಿದಳು ಎಂದೇ ಹೇಳಬೇಕು, ಬಾಯಿ ತೆರೆಯದಿದ್ದರೂ. ಹೆಸ್ಟರ್ ಸೂಪಿನ ಬಟ್ಟಲು ನೋಡುತ್ತ ಕೂತಳು. ಒಂದು ನಿಮಿಷವಾಗಿರಬಹುದು, ಅಷ್ಟೂ ಇಲ್ಲದಿರಬಹುದು.

"ಸರಿ ಬಿಡಿ," ಎಂದಳು ಐವಿ.

ನವೆಂಬರಿನಲ್ಲಿ ಆಕೆಯನ್ನು ಹ್ಯಾವರ್ಸೆಟ್‌ಗಳ ಸಾಲಿನಲ್ಲಿ ಹೂಳಿದರು.

ಈಗ ಮಣ್ಣು ಕೂತಿದೆ, ವರ್ಷ ತುಂಬುತ್ತ ಬಂದಿದೆ, ಗೋರಿಯ ಮೇಲೆ ಕಲ್ಲು ನಿಲ್ಲಿಸಬೇಕು. ಪರ್ಸಿ ಬರೆಸಬೇಕೆಂದಿರುವ ಮಾತು: ‘ಐವಿ, ಇನ್ನೂರು ವರ್ಷಗಳ ನಂತರ ತನ್ನವರ ನಡುವೆ.’ ಕಲ್ಲಿನ ಮೇಲಿನ ಮಾತು ನಿಜವೆಂದು ಹೆಸ್ಟರ್ ಒಂದು ಸಾಲು ಬರೆದುಕೊಟ್ಟರೆ ಸಾಕು ಎಂದಿದ್ದರು ಪಾದ್ರಿ. ಕಲ್ಲು ಕೆತ್ತುವ ಕಾಲಿನ್ ಸೋಮವಾರ ಫೋನ್ ಮಾಡಿದ: "ಮಿಸ್ ರಡ್, ಶುಕ್ರವಾರದೊಳಗೆ ಹೇಳ್ಬಿಡಿ. ಉಳಿ ಇಟ್ಟ ಮೇಲೆ ನನ್ನ ಕೈಲಿ ಅಳಿಸೋಕಾಗಲ್ಲ."

ಗುರುವಾರ ಬೆಳಿಗ್ಗೆ ಹೆಸ್ಟರ್ ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಹೊರಟದ್ದು ಪರ್ಸಿಯ ಮನೆಗೆ. ಕಾಲು ಒಯ್ದದ್ದು ಕಣಿವೆಯ ತಲೆಗೆ, ಹ್ಯಾವರ್ಸೆಟ್ ಹೊಲಮನೆಗೆ.

ಅಲ್ಲಿ ಈಗಿರುವವಳು ಡೋರಾ, ಹೆಸ್ಟರಳ ಸೋದರಮಾವನ ಮಗಳು. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಡೋರಾ ಅಂಗಳದಲ್ಲಿ ಟಗರೊಂದನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಅದರ ಗೊರಸು ಕತ್ತರಿಸುತ್ತಿದ್ದಳು.

"ಏನೇ, ಮುಖ ಹಿಂಗಿಟ್ಕೊಂಡು ಬಂದಿದೀಯ? ಯಾರಾದ್ರೂ ಹೋದ್ರಾ?"

"೧೭೬೮ರಲ್ಲಿ," ಎಂದಳು ಹೆಸ್ಟರ್. ಆಮೇಲೆ ಅಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಯಾವಾಗ ತಿಳಿಯಿತೆಂಬುದೊಂದನ್ನು ಬಿಟ್ಟು.

ಡೋರಾ ಟಗರನ್ನು ಬಿಟ್ಟು ಸೊಂಟ ನೆಟ್ಟಗೆ ಮಾಡಿದಳು. "ನಾನು ಮೊದಲ್ನೇ ದಿನಾನೇ ಹೇಳ್ಲಿಲ್ವೇನೆ? ಗೋಡೆ ಬಿದ್ರೆ ಒಂದು ಕಲ್ಲು ಎತ್ತಿಡೋಕೆ ಬರಲ್ಲ ಅವನಿಗೆ. ಕುರಿ ಎದುರಿಗೆ ಬಂದ್ರೆ ಟೋಪಿ ತೆಗೆದು ದಾರಿ ಬಿಡ್ತಾನೆ. ಅವನೆಲ್ಲಿಂದ ಹ್ಯಾವರ್ಸೆಟ್ ಆಗ್ತಾನೆ!"

"ತಮಾಷೆ ಬೇಡ ಕಣೆ."

"ಅಯ್ಯೋ, ತಮಾಷೆ ಮಾಡ್ದೆ ಇನ್ನೇನ್ ಮಾಡ್ಲಿ? ಒಂಬತ್ತು ವರ್ಷದಿಂದ ನನ್ನ ತಬ್ಬಲಿ ಮರಿಗಳಿಗೆ ಬಾಟ್ಲಿ ಹಿಡಿದು ಹಾಲು ಕುಡಿಸ್ತಿರೋನು ಅವ್ನೇ. ಸ್ವಂತ ಮಕ್ಕಳು ಲೀಡ್ಸಿಂದ ಈ ಕಡೆ ತಲೆ ಹಾಕಲ್ಲ. ರಕ್ತ ಕಟ್ಕೊಂಡು ಏನಾಗ್ಬೇಕು ನಂಗೆ? ಆ ಲಕೋಟೆ ತಂದು ನನ್ನ ಒಲೆಗೆ ಹಾಕು. ಕಲ್ಲು ನಿಲ್ಲಿಸ್ಲಿ. ಒಳಗೆ ಬಾ, ಶುಂಠಿ ಕೇಕ್ ಇದೆ."

ಹೆಸ್ಟರ್ ಒಳಗೆ ಹೋದಳು. ಒಲೆ ಎರಡೇ ಮಾರು ದೂರದಲ್ಲಿ ಉರಿಯುತ್ತಿತ್ತು. ಡೋರಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪರ್ಸಿ ಇಲ್ಲಿ ಯಾರಿಗೂ ಹೊರಗಿನವನಾಗಿ ಉಳಿದಿರಲಿಲ್ಲ. ಆದರೆ ಡೋರಾ ಕೊಟ್ಟ ಮಾಫಿ ಪರ್ಸಿಯ ಲೆಕ್ಕದ್ದು. ಐವಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಐವಿ ಕುರಿಮರಿ ಮುಟ್ಟಿದವಳಲ್ಲ, ಯಾವ ಕೂಟದಲ್ಲೂ ಮಾತಾಡಿದವಳಲ್ಲ. ಅಕ್ಕಂದಿರ ಪಕ್ಕದ ಒಂದು ಗುಳಿ ಕೇಳಿದ್ದಳು, ಅಷ್ಟೇ.

"ನಾನು ಬರ್ತೀನಿ," ಎಂದು ಹೆಸ್ಟರ್ ಎದ್ದಳು.

"ಹೋಗ್ತಿರೋದು ಅವನ ಮನೆಗೆ ತಾನೇ? ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅವನ ಎದೆ ಮೇಲೆ ಕಲ್ಲು ಎತ್ತಿಡ್ತಿದೀಯ, ನೆನಪಿಟ್ಕೊ," ಎಂದಳು ಡೋರಾ.

ಇಳಿಜಾರಿನಲ್ಲಿ ಬರುವಾಗ ಹೆಸ್ಟರ್ ಆ ಮಾತನ್ನೇ ಮತ್ತೆ ಮತ್ತೆ ಆಡಿಸಿಕೊಂಡಳು. ಅದೂ ನಿಜವೇ ಇರಬಹುದು. ಆದರೂ ಕಾಲು ನಿಲ್ಲಲಿಲ್ಲ.

ಪರ್ಸಿ ಅಡಿಗೆಮನೆಯಲ್ಲಿ ಬಟಾಟೆ ಸುಲಿಯುತ್ತಿದ್ದ. ಕಣ್ಣಿಗೆ ಪೊರೆ ಬಂದಿದೆ. ಕೈಯಿಂದಲೇ ಸಿಪ್ಪೆ ಎಲ್ಲಿದೆ ಎಂದು ತಡವಿ ನೋಡುತ್ತಿದ್ದ.

"ಹೆಜ್ಜೆ ಸದ್ದಲ್ಲೇ ಗೊತ್ತಾಯ್ತು. ಬನ್ನಿ ಕಸಿನ್ ಹೆಸ್ಟರ್. ಆ ಕಾಲಿನ್ ನಿಮ್ಮ ಪ್ರಾಣ ತಿಂತಿದಾನಾ? ಅವರಪ್ಪನೂ ಹಂಗೇ ಇದ್ನಂತೆ, ಜನ ಸಾಯೋಕಿಂತ ಮುಂಚೆನೇ ಅಳತೆ ತಗೊಳ್ತಿದ್ನಂತೆ."

ಹೆಸ್ಟರ್ ಕೂತಳು. ಲಕೋಟೆ ಹೊರಗೆ ತೆಗೆದಳು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗಿನ ದನಿ ಬಂತು. ಅದೊಂದೇ ದನಿ ಆ ಹೊತ್ತಿಗೆ ಆಕೆಯ ಕೈಗೆ ಸಿಕ್ಕಿದ್ದು. ಚಾವಣಿ ಕುಸಿದ ಚರ್ಚು, ಬೆಟ್ಟದಾಚೆಯ ರಿಜಿಸ್ಟರು, ಹನ್ನೊಂದು ದಿನದ ಕೂಸು, ಮಾರ್ಶ್‌ಫ್ಲೀಟಿನ ಬಾಗಿಲಲ್ಲಿ ಸಿಕ್ಕ ಇನ್ನೊಂದು ಕೂಸು. ಎಲ್ಲ ಹೇಳಿ ಮುಗಿಸಿ, "ತಪ್ಪು ನಂದು ಪರ್ಸಿ. ಹೂಳಿದವರ ಪುಟ ನಾನು ನೋಡ್ಲಿಲ್ಲ," ಎಂದಳು.

ಪರ್ಸಿ ಸುಲಿಯುತ್ತಿದ್ದ ಬಟಾಟೆಯನ್ನು ಪೂರ್ತಿ ಸುಲಿದು ನೀರಿಗೆ ಹಾಕಿದ.

"ಹನ್ನೊಂದು ದಿನ," ಎಂದ. "ನಾನು ಅವನಿಗೆ ದನ ಹೊಡೆಯೋ ಕೋಲು, ಚರ್ಮದ ಬೂಟು ಎಲ್ಲ ಕೊಟ್ಟಿದ್ದೆ. ಕೂಟದಲ್ಲಿ ಕಥೆ ಹೇಳುವಾಗ ಒಂದು ನಾಯಿನೂ ಸೇರಿಸ್ತಿದ್ದೆ." ನಕ್ಕಂತಾಯಿತು. "ಹಂಗಾದ್ರೆ ನಮ್ಮಜ್ಜನ ಅಜ್ಜ ಚರ್ಚಿನ ಬಾಗಿಲಲ್ಲಿ ಸಿಕ್ಕಿದೋನು."

"ಹೌದು."

"ಹೆಸರು ಕೊಟ್ಟೋನು ಪಾದ್ರಿ."

"ಹೌದು."

"ಒಳ್ಳೇ ಮನುಷ್ಯ. ಸೋಮವಾರ ಸಿಕ್ಕಿದ್ದಕ್ಕೆ ಸೋಮವಾರ ಅಂತ ಹೆಸರಿಟ್ಟಿದ್ರೂ ಕೇಳೋರಿರ್ಲಿಲ್ಲ." ಕೈ ಒರೆಸಿಕೊಂಡ. ಕೈ ಒರೆಸುವುದು ಬಹಳ ಹೊತ್ತು ಹಿಡಿಯಿತು. ಮತ್ತೆ ಕೇಳಿದ, ದನಿ ಬೇರೆಯಾಗಿತ್ತು: "ಹಂಗಾದ್ರೆ ನನ್ನ ಐವಿ ಅಲ್ಲಿ ಯಾರ ಮಧ್ಯೆ ಮಲಗಿದಾಳೆ?"

ಹೆಸ್ಟರ್ ಕಾಗದಗಳನ್ನು ಮತ್ತೆ ಲಕೋಟೆಗೆ ಸೇರಿಸತೊಡಗಿದಳು.

"ಅವಳಿಗೆ ಇಷ್ಟ ಇರ್ಲಿಲ್ಲ. ನಾನೇ ಬಾಯಿ ಮುಚ್ಚಿಸ್ದೆ. ನಮ್ಮೋರು, ನಮ್ಮೋರು ಅಂತ. ಅವಳಿಗಿದ್ದೋರು ಮಾರ್ಶ್‌ಫ್ಲೀಟಲ್ಲಿದ್ರು, ಮೂರು ಜನ ಅಕ್ಕಂದಿರು ಸಾಲಾಗಿ." ಮೇಜಿನ ಅಂಚು ಹಿಡಿದು ಎದ್ದ. "ಕಲ್ಲು ಬೇಡ. ಅವಳನ್ನ ತಗೊಂಡೋಗ್ತೀನಿ. ಆಗುತ್ತೆ ಅಲ್ವಾ? ಆಗ್ಲೇಬೇಕು."

"ಹೂಳಿದ ಮೇಲೆ ತೆಗೆಯೋಕೆ ಬಿಷಪ್ಪರ ನ್ಯಾಯಪೀಠದ ಅಪ್ಪಣೆ ಬೇಕು. ಸುಲಭಕ್ಕೆ ಕೊಡಲ್ಲ. ಆದ್ರೆ ತಪ್ಪು ತಿಳಿವಳಿಕೆಯಿಂದ ಹೂಳಿದ್ರೆ ಕೆಲವು ಸಲ ಕೇಳ್ತಾರೆ."

"ತಪ್ಪು ಯಾರದು ಅಂತ ಬರೆದುಕೊಡ್ತೀರಾ?"

"ಕೊಡ್ತೀನಿ."

"ಈಗಲೇ ಬರೀರಿ. ಸಂಜೆ ಅಂಚೆಡಬ್ಬಿ ತೆಗೆಯೋಕೆ ಇನ್ನೂ ಹೊತ್ತಿದೆ."

ಡ್ರಾಯರಿನಿಂದ ಆತನೇ ಕಾಗದ ತೆಗೆದುಕೊಟ್ಟ. ಹೆಸ್ಟರ್ ಬರೆದಳು. ತನ್ನ ಹೆಸರು, ಹ್ಯಾವರ್ಸೆಟ್ ಹೆಸರಿನ ದಾಖಲೆ ತಾನು ಇಟ್ಟಿರುವುದು, ಎರಡು ಕೂಸುಗಳನ್ನು ಒಂದೆಂದು ತಾನು ಬಗೆದದ್ದು, ಆ ಮಾತು ನಂಬಿ ಈ ದಂಪತಿ ಊರು ಬಿಟ್ಟು ಬಂದದ್ದು. ಕೈಬರಹ ನೆಟ್ಟಗೆ, ಎಂದಿನಂತೆ ಸಾಗಿತು. ಒಂದು ಪುಟ ತುಂಬಿತು.

"ಓದಿ," ಎಂದ ಪರ್ಸಿ. "ನನ್ನ ಕಣ್ಣಿಗೆ ಕಾಣಲ್ಲ."

ಹೆಸ್ಟರ್ ಓದಿದಳು. ಪರ್ಸಿ ತಲೆ ತಗ್ಗಿಸಿ ಕೇಳುತ್ತಿದ್ದ. "...ಇತ್ತೀಚೆಗೆ ಪಕ್ಕದ ಚರ್ಚಿನ ದಾಖಲೆಯಿಂದ ನನಗೆ ತಿಳಿದುಬಂದ ಪ್ರಕಾರ..." ಎಂಬಲ್ಲಿಗೆ ಬಂದಾಗ ದನಿ ನಿಂತಿತು.

ಇತ್ತೀಚೆಗೆ. ಕೈ ತಾನಾಗಿಯೇ ಬರೆದಿತ್ತು. ಯೋಚಿಸಿ ಬರೆದ ಸುಳ್ಳಲ್ಲ. ಯೋಚನೆಯೂ ಬೇಡದಷ್ಟು ರೂಢಿಯಾಗಿದ್ದ ಸುಳ್ಳು. ಯಾವಾಗ ತಿಳಿಯಿತೆಂದು ಪ್ರಶ್ನಿಸುವವರು ಯಾರೂ ಇಲ್ಲ. ಪರ್ಸಿಗೆ ಕಾಗದ ಓದುವ ಕಣ್ಣಿಲ್ಲ. ನ್ಯಾಯಪೀಠಕ್ಕೆ ಅಷ್ಟು ಸಾಕು, ಐವಿ ಊರಿಗೆ ಹೋಗುತ್ತಾಳೆ, ಪರ್ಸಿ ನಾಳೆಯೂ ಬಾಗಿಲು ತೆಗೆದು ಒಳಗೆ ಕರೆಯುತ್ತಾನೆ.

"ಯಾಕೆ ನಿಲ್ಲಿಸಿದ್ರಿ?"

"ಒಂದು ಪದ ತಿದ್ದಬೇಕು."

ಪೆನ್ನು ತೆಗೆದುಕೊಂಡು ಗೀಟು ಎಳೆದಳು. ಮೇಲೆ ಬರೆದಳು. ಬರೆದದ್ದನ್ನು ಓದಿದಳು: "೧೯೯೪ರ ಫೆಬ್ರವರಿಯಲ್ಲಿ ಪಕ್ಕದ ಚರ್ಚಿನ ದಾಖಲೆಯಿಂದ ನನಗೆ ತಿಳಿದುಬಂದ ಪ್ರಕಾರ."

ನಲ್ಲಿಯಿಂದ ಪಾತ್ರೆಗೆ ನೀರು ತೊಟ್ಟಿಕ್ಕುತ್ತಿತ್ತು.

"ಇನ್ನೊಂದ್ಸಲ ಓದಿ."

ಓದಿದಳು.

"ತೊಂಬತ್ನಾಲ್ಕು," ಎಂದ ಪರ್ಸಿ ನಿಧಾನವಾಗಿ, ಪಂಪಿನ ನೀರಿನ ಮಟ್ಟ ಹೇಳುವವನ ಹಾಗೆ. "ಆ ಫೆಬ್ರವರಿಲಿ ಐವಿ ಹಿತ್ತಲ ಹಿಮ ತಾನೇ ಎತ್ತಿದ್ಲು, ನನಗೆ ಜ್ವರ ಅಂತ. ನೀವು ನಿಂಬೆಹಣ್ಣು ತಂದುಕೊಟ್ಟಿದ್ರಿ."

"ಹೌದು."

"ಆಮೇಲೆ ಹೋದ ವರ್ಷ ನೀವು ಸೂಪು ತಂದಿದ್ರಿ. ನಾನು ಅವಳಿಗೆ ಹೇಳ್ದೆ, ಕಸಿನ್..." ಆತ ಅಲ್ಲಿಗೇ ನಿಲ್ಲಿಸಿದ. ಬಾಯಿಗೆ ಬಂದ ಪದವನ್ನು ಒಳಗೇ ನುಂಗಿದ್ದು ಕಾಣಿಸಿತು.

"ನನ್ನನ್ನ ಕೇಳಿದ್ಲು ಪರ್ಸಿ. ನಾನು ಏನೂ ಹೇಳ್ಲಿಲ್ಲ."

"ಇಲ್ಲ. ಏನೂ ಹೇಳ್ಲಿಲ್ಲ." ಆತ ಮೇಜಿನ ಮೇಲಿನ ಕಾಗದವನ್ನು ಬೆರಳಿನಿಂದ ತಡವಿ ಆಕೆಯ ಕಡೆ ತಳ್ಳಿದ: "ಅದನ್ನೂ ಸೇರಿಸಿ. ಸತ್ತೋಳು ತಾನೇ ಬಾಯಿಬಿಟ್ಟು ಕೇಳಿದ್ಲು ಅಂತ ಬರೆದ್ರೆ ಅವರು ಇಲ್ಲ ಅನ್ನೋದು ಕಷ್ಟ ಆಗುತ್ತೆ."

ಹೆಸ್ಟರ್ ಕೆಳಗೆ ಎರಡು ಸಾಲು ಸೇರಿಸಿದಳು. ಈ ಸಲ ಅಕ್ಷರ ನೆಟ್ಟಗಿರಲಿಲ್ಲ. ಅದನ್ನೂ ಓದಿ ಹೇಳಿದಳು.

"ಸಹಿ ಹಾಕಿ, ಮಿಸ್ ರಡ್."

ಹಾಕಿದಳು. ಕಾಗದ ಮಡಚಿ ಇನ್ನೊಂದು ಲಕೋಟೆಗೆ ಹಾಕಿ, ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, "ದಾರಿಲಿ ನಾನೇ ಡಬ್ಬಿಗೆ ಹಾಕ್ತೀನಿ," ಎಂದು ಎದ್ದಳು.

ಪರ್ಸಿ ಕೈ ಚಾಚಿದ. "ಇಲ್ಲಿ ಕೊಡಿ. ನಿಮ್ಮ ಕೈಲಿ ಕೊಟ್ರೆ ಅದು ತಲುಪೋಕೆ ಎಷ್ಟು ವರ್ಷ ಬೇಕೋ."

ಕೋಟು ತೊಟ್ಟುಕೊಂಡ. ಬಾಗಿಲು ತೆರೆದು, ಆಕೆ ಹೊರಗೆ ಬರುವವರೆಗೆ ಹಿಡಿದು ನಿಂತ. ಅಷ್ಟು ಮರ್ಯಾದೆ ಬಿಡಲಿಲ್ಲ. ಆಮೇಲೆ ಕಲ್ಲುಗೋಡೆಯ ಮೇಲೆ ಒಂದು ಕೈ ಇಟ್ಟುಕೊಂಡು ಇಳಿಜಾರಿನಲ್ಲಿ ಒಬ್ಬನೇ ಹೊರಟ. ಈ ದಾರಿಯಲ್ಲಿ ಎಷ್ಟೋ ಸಲ ಹೆಸ್ಟರ್ ಆತನಿಗೆ ತೋಳು ಕೊಟ್ಟಿದ್ದಳು. ಈಗ ಹತ್ತು ಹೆಜ್ಜೆ ಹಿಂದೆ ನಿಂತಳು. ಗೋಡೆ ಮುರಿದಲ್ಲಿ ಆತನ ಕೈ ಗಾಳಿಯಲ್ಲಿ ತಡವರಿಸಿತು. ಆಕೆಯ ಬಾಯಿಗೆ ಹೆಸರು ಬಂತು, ಕೂಗಲಿಲ್ಲ. ಕೈಗೆ ಮತ್ತೆ ಕಲ್ಲು ಸಿಕ್ಕಿತು.

ಅಂಚೆಡಬ್ಬಿಯ ಮುಂದೆ ಆತ ನಿಂತು ಬೆರಳಿನಿಂದ ಸೀಳು ಹುಡುಕಿದ. ಕಾಗದ ಒಳಗೆ ಬಿತ್ತು. ಬಿತ್ತೋ ಇಲ್ಲವೋ ಎಂದು ಬೆರಳು ಒಳಗೆ ತೂರಿಸಿ ಇನ್ನೊಮ್ಮೆ ತಡವಿ ನೋಡಿದ. ಆಮೇಲೆ ಮನೆಯ ಕಡೆ ತಿರುಗಲಿಲ್ಲ. ರಸ್ತೆ ದಾಟಿ, ಚರ್ಚಿನ ಗೇಟು ತಳ್ಳಿಕೊಂಡು, ಹೆಂಡತಿಗೆ ವಿಷಯ ತಿಳಿಸಲು ಒಳಗೆ ಹೋದ.